‘ಕೊಡಿದೆ’ ಎನ್ನುವ ವಿದ್ಯಾರ್ಥಿ: ಎರಡನೆಯ ಭಾಷೆಯ ಕಲಿಕೆ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಎರಡನೆಯ ಭಾಷೆಯನ್ನು ಕಲಿಯುವವರು ಮತ್ತು ಕಲಿಸುವವರು ಬರೆದ ಪತ್ರಗಳಿಗೆ ಈ ಸಂಚಿಕೆಯ ಅಂಕಣವನ್ನು ಮೀಸಲಿಟ್ಟಿದ್ದೇನೆ. ಪ್ರಶ್ನೆಗಳು ಬೇರೆ ಬೇರೆಯಾದರೂ ಬಹುಪಾಲು ಪತ್ರಗಳಲ್ಲಿ ಕಾಣುವುದು ಒಂದೇ ಅಂಜಿಕೆ: ತಲೆಯಲ್ಲಿ ಒಂದು ಭಾಷೆಗೆ ಜಾಗ ಕೊಟ್ಟರೆ ಇನ್ನೊಂದಕ್ಕೆ ಜಾಗ ಸಾಲದೆ ಹೋದೀತು, ಅಥವಾ ಒಂದರ ನೆರಳು ಇನ್ನೊಂದರ ಮೇಲೆ ಬಿದ್ದು ಎರಡೂ ಕೆಟ್ಟಾವು. ಬಹಳ ವರ್ಷ ಭಾಷೆ ಕಲಿಸಿದ ನನಗೆ ಈ ಅಂಜಿಕೆಯಲ್ಲಿ ಹುರುಳಿಲ್ಲವೆಂದು ಮನದಟ್ಟಾಗಿದೆ. ಅದಕ್ಕೆ ಕಾರಣಗಳನ್ನು ಒಂದೊಂದು ಪತ್ರಕ್ಕೆ ಉತ್ತರಿಸುತ್ತಾ ಹೇಳುತ್ತೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮಗನಿಗೆ ಮೂರು ವರ್ಷ. ನಾನು ಅವನೊಂದಿಗೆ ಕನ್ನಡದಲ್ಲಿ ಮಾತನಾಡುತ್ತೇನೆ, ಅವನ ತಂದೆ ತೆಲುಗಿನಲ್ಲಿ ಮಾತನಾಡುತ್ತಾರೆ. ಅವನು ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸುತ್ತಾನೆ. ಓರಗೆಯ ಮಕ್ಕಳಿಗೆ ಗೊತ್ತಿರುವಷ್ಟು ಕನ್ನಡ ಪದಗಳೂ ಅವನಿಗೆ ಗೊತ್ತಿಲ್ಲ. ಮಗುವಿಗೆ ಗೊಂದಲವಾಗುತ್ತಿದೆ, ಒಂದು ಭಾಷೆಯನ್ನು ನಿಲ್ಲಿಸಿಬಿಡಿ ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ನಿಲ್ಲಿಸಲೇ?

ಉತ್ತರ: ನಿಲ್ಲಿಸಬೇಡಿ. ಹಿರಿಯರು ಮಗುವಿನ ಮೇಲಿನ ಅಕ್ಕರೆಯಿಂದಲೇ ಹೇಳಿದ್ದಾರೆ, ಆದರೆ ಅವರಿಗೆ ಗೊಂದಲವೆಂದು ಕಾಣುತ್ತಿರುವುದು ಗೊಂದಲವಲ್ಲ. ನಿಮ್ಮ ಮಗ ‘ಅಮ್ಮಾ, ಪಾಲು ಚೆಲ್ಲಿತು’ ಎಂದನೆಂದುಕೊಳ್ಳಿ. ಹಾಲಿಗೆ ತೆಲುಗಿನ ಪದವನ್ನು ತೆಗೆದುಕೊಂಡಿದ್ದಾನೆ, ಕ್ರಿಯಾಪದವನ್ನು ಮಾತ್ರ ಕನ್ನಡದ ಪ್ರತ್ಯಯದೊಂದಿಗೆ ಕನ್ನಡದಲ್ಲೇ ಸರಿಯಾಗಿ ಮುಗಿಸಿದ್ದಾನೆ. ‘ಪಾಲನ್ನು ಚೆಲ್ಲಿದೆ’ ಎಂದರೆ ತೆಲುಗಿನ ನಾಮಪದಕ್ಕೆ ಕನ್ನಡದ ದ್ವಿತೀಯಾ ವಿಭಕ್ತಿಯನ್ನು ಹಚ್ಚಿದ್ದಾನೆ. ಗೊಂದಲಗೊಂಡ ಮಗುವಿನ ಮಾತಿನಲ್ಲಿ ಇಂತಹ ಅಚ್ಚುಕಟ್ಟು ಇರಲು ಸಾಧ್ಯವಿಲ್ಲ. ‘ಫೈಲನ್ನು ಡೌನ್‌ಲೋಡ್ ಮಾಡಿದೆ’ ಎನ್ನುವಾಗ ನಾವು ದೊಡ್ಡವರು ಮಾಡುವುದೂ ಇದನ್ನೇ. ಪದ ಹೊರಗಿನದು, ವಿಭಕ್ತಿಯೂ ಕಾಲವೂ ಕನ್ನಡದವು. ಒಂದು ಭಾಷೆಯಲ್ಲಿ ಪದ ಸಿಗದಾಗ ಇನ್ನೊಂದರಿಂದ ತಂದು ಮಾತನ್ನು ಮುಂದುವರಿಸುವುದನ್ನು ಮಗು ನಿಮ್ಮಿಂದಲೂ ಕಲಿತಿರಬಹುದು.

ಪದಗಳು ಕಡಿಮೆ ಎಂಬ ಚಿಂತೆಗೆ ಕಾರಣ ಎಣಿಸುವ ರೀತಿಯಲ್ಲಿದೆ. ಉದಾಹರಣೆಗೆ, ಅವನಿಗೆ ಕನ್ನಡದಲ್ಲಿ 300 ಪದಗಳೂ ತೆಲುಗಿನಲ್ಲಿ 250 ಪದಗಳೂ ಗೊತ್ತಿದ್ದರೆ, ಕನ್ನಡವೊಂದನ್ನೇ ಕೇಳಿ ಬೆಳೆದ 450 ಪದಗಳ ಮಗುವಿನ ಪಕ್ಕದಲ್ಲಿ ಅವನು ಹಿಂದುಳಿದಂತೆ ಕಾಣುತ್ತಾನೆ. ಎರಡೂ ಭಾಷೆಗಳನ್ನು ಕೂಡಿಸಿ ಎಣಿಸಿದರೆ ಆ ಅಂತರ ಉಳಿಯುವುದಿಲ್ಲ. ಎರಡು ಭಾಷೆ ಬಲ್ಲವನೆಂದರೆ ಒಂದೊಂದೇ ಭಾಷೆ ಬಲ್ಲ ಇಬ್ಬರನ್ನು ಒಂದೇ ಮೈಯಲ್ಲಿ ಕೂಡಿಸಿದಂತಲ್ಲ ಎಂದು ಭಾಷಾ ಮನೋವಿಜ್ಞಾನಿ ಫ್ರಾಂಸ್ವಾ ಗ್ರೋಜಾ 1989ರಲ್ಲಿ ವಾದಿಸಿದರು. ಅಡುಗೆಮನೆಯ ಮಾತಿಗೆ ಒಂದು ಭಾಷೆ, ಆಟಕ್ಕೆ ಇನ್ನೊಂದು, ಹೀಗೆ ಬಾಳಿನ ಬೇರೆ ಬೇರೆ ಕೆಲಸಗಳು ಬೇರೆ ಬೇರೆ ಭಾಷೆಗಳಿಗೆ ಹಂಚಿಹೋಗಿರುವಾಗ, ಒಂದೇ ಭಾಷೆಯಲ್ಲಿ ಪರೀಕ್ಷಿಸಿದರೆ ಮಗುವಿನ ಅರ್ಧ ಭಾಗವನ್ನಷ್ಟೇ ಅಳೆದಂತಾಗುತ್ತದೆ.

ಎರಡು ಭಾಷೆಗಳಿಂದ ಬುದ್ಧಿ ಮಂಕಾಗುತ್ತದೆಂಬ ಮಾತಿಗೆ ಒಂದು ಕಾಲದಲ್ಲಿ ಸಂಶೋಧಕರ ಬೆಂಬಲವೂ ಇತ್ತೆಂಬುದನ್ನು ಮರೆಮಾಚಬಾರದು. ಇಪ್ಪತ್ತನೆಯ ಶತಮಾನದ ಮೊದಲ ಭಾಗದ ಎಷ್ಟೋ ಅಧ್ಯಯನಗಳು ಹಾಗೆಯೇ ಹೇಳಿದವು. ಆದರೆ ಅವುಗಳಲ್ಲಿ ಹೆಚ್ಚಿನವು ಬಡ ವಲಸೆ ಕುಟುಂಬಗಳ ಮಕ್ಕಳನ್ನು, ಅವರಿಗೆ ಇನ್ನೂ ಸರಿಯಾಗಿ ಬಾರದ ಭಾಷೆಯಲ್ಲಿ ಪರೀಕ್ಷಿಸಿ, ಅನುಕೂಲಸ್ಥ ಮನೆಗಳ ಮಕ್ಕಳೊಂದಿಗೆ ಹೋಲಿಸಿದ್ದವು. 1962ರಲ್ಲಿ ಎಲಿಜಬೆತ್ ಪೀಲ್ ಮತ್ತು ವಾಲೆಸ್ ಲ್ಯಾಂಬರ್ಟ್ ಕೆನಡಾದ ಮಾಂಟ್ರಿಯಲ್‌ನಲ್ಲಿ ಹತ್ತು ವರ್ಷದ ಮಕ್ಕಳನ್ನು ಆಯ್ದುಕೊಂಡು, ಮನೆಯ ಸ್ಥಿತಿಗತಿಗಳನ್ನು ಸರಿದೂಗಿಸಿ ಹೋಲಿಸಿದಾಗ, ಎರಡು ಭಾಷೆಯ ಮಕ್ಕಳು ಹಿಂದೆ ಬೀಳುವುದಿರಲಿ, ಹಲವು ಪರೀಕ್ಷೆಗಳಲ್ಲಿ ಮುಂದಿದ್ದರು. ಎರಡೂ ಭಾಷೆಗಳಲ್ಲಿ ಸಮನಾಗಿ ಪಳಗಿದ ಮಕ್ಕಳನ್ನೇ ಅವರು ಆಯ್ದುಕೊಂಡಿದ್ದರೆಂಬ ಟೀಕೆ ಆಮೇಲೆ ಬಂತು, ಅದು ನ್ಯಾಯವಾದ ಟೀಕೆ. ಆದರೂ ಹಳೆಯ ಭಯದ ಬುಡ ಅಂದಿನಿಂದ ಸಡಿಲವಾಯಿತು.

ನೀವು ನಿಜವಾಗಿ ಕಾಳಜಿ ವಹಿಸಬೇಕಾದದ್ದು ಬೇರೆಯೇ ಇದೆ. ಎರಡೂ ಭಾಷೆಗಳು ಮಗುವಿಗೆ ಬದುಕಿರುವ ಮನುಷ್ಯರ ಬಾಯಿಂದ, ಅವನ ಮುಖ ನೋಡುತ್ತಾ ಸಿಗುತ್ತಿವೆಯೇ ಎಂಬುದನ್ನು ಗಮನಿಸಿ. 2003ರಲ್ಲಿ ಪ್ಯಾಟ್ರಿಷಿಯಾ ಕುಲ್ ಮತ್ತು ಸಂಗಡಿಗರು ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳಿಗೆ ಹನ್ನೆರಡು ಬಾರಿ ಚೀನಿ ಭಾಷೆಯನ್ನು ಕೇಳಿಸಿದರು. ಎದುರಿಗೆ ಕುಳಿತು ಆಟವಾಡುತ್ತಾ ಮಾತನಾಡಿದವರಿಂದ ಕೇಳಿದ ಕೂಸುಗಳು ಆ ಭಾಷೆಯ ಧ್ವನಿಭೇದಗಳನ್ನು ಗುರುತಿಸಿದವು. ಅದೇ ಮಾತನ್ನು ಪರದೆಯ ಮೇಲೆ ಕಂಡ ಕೂಸುಗಳಿಗೆ ಅದರಿಂದ ಏನೂ ದಕ್ಕಲಿಲ್ಲ. ಹಾಗಾಗಿ ತಂದೆ ಮನೆಗೆ ತಡವಾಗಿ ಬರುವವರಾದರೆ, ತೆಲುಗಿನ ವೀಡಿಯೊ ಹಾಕಿ ಕೂರಿಸುವುದಕ್ಕಿಂತ ಮಲಗುವ ಮುಂಚೆ ಅವರು ಹೇಳುವ ಕಾಲು ಗಂಟೆಯ ಕಥೆಯೇ ಮೇಲು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಎರಡು ವರ್ಷ ತುಂಬಿದರೂ ಯಾವ ಭಾಷೆಯಲ್ಲಿಯೂ ಎರಡು ಪದ ಜೋಡಿಸಿ ಆಡದ ಮಗುವನ್ನು ‘ಎರಡು ಭಾಷೆ ಕೇಳುತ್ತಿದೆ, ಅದಕ್ಕೇ ತಡ’ ಎಂದು ಸಮಾಧಾನ ಹೇಳಿಕೊಂಡು ಬಿಡಬಾರದು. ಕಿವಿಯ ಪರೀಕ್ಷೆ ಮಾಡಿಸಿ ವಾಕ್ ತಜ್ಞರನ್ನು ಕಾಣಬೇಕು. ಅಂತಹ ಸಂದರ್ಭದಲ್ಲೂ ಮನೆಯ ಒಂದು ಭಾಷೆಯನ್ನು ಕಿತ್ತುಕೊಳ್ಳುವುದರಿಂದ ತೊಂದರೆ ನೀಗುವುದಿಲ್ಲ. ನಿಮ್ಮ ಮಗ ವಾಕ್ಯಗಳನ್ನೇ ಆಡುತ್ತಿದ್ದಾನೆ, ಆ ಆತಂಕ ನಿಮಗೆ ಬೇಡ.

ಪ್ರಶ್ನೆ: ನಾನು ವಯಸ್ಕರಿಗೆ ಸಂಜೆಯ ತರಗತಿಯಲ್ಲಿ ಕನ್ನಡ ಕಲಿಸುತ್ತೇನೆ. ತಪ್ಪನ್ನು ಕೇಳಿದ ಕೂಡಲೇ ತಿದ್ದದಿದ್ದರೆ ಅದೇ ಗಟ್ಟಿಯಾಗುತ್ತದೆ ಎಂಬ ಭಯ ಒಂದು ಕಡೆ. ತಿದ್ದಿದರೆ ಎಷ್ಟೋ ಜನ ಬಾಯಿ ತೆರೆಯುವುದನ್ನೇ ನಿಲ್ಲಿಸುತ್ತಾರೆ ಎಂಬುದು ಇನ್ನೊಂದು ಕಡೆ. ಎಷ್ಟು ತಿದ್ದಬೇಕು, ಯಾವಾಗ ತಿದ್ದಬೇಕು?

ಉತ್ತರ: ಈ ಪ್ರಶ್ನೆಗೆ ಉತ್ತರಿಸುವಾಗ ನನಗೆ ನನ್ನ ಮೊದಲ ವರ್ಷಗಳ ಒಂದು ಸಂಜೆ ನೆನಪಾಗುತ್ತದೆ. ಹಿಂದಿ ಮನೆಮಾತಿನ ವಿದ್ಯಾರ್ಥಿಯೊಬ್ಬರು ಹಿಂದಿನ ದಿನ ತಾವು ಮಾಡಿದ್ದನ್ನು ಹೇಳುತ್ತಾ, ‘ನಾನು ನಿನ್ನೆ ಅವರಿಗೆ ಪುಸ್ತಕ ಕೊಡಿದೆ’ ಎಂದರು. ನಾನು ಮಾತಿಗೆ ಅಡ್ಡಬಂದು ‘ಕೊಟ್ಟೆ’ ಎಂದೆ. ಅವರು ‘ಕೊಟ್ಟೆ’ ಎಂದು ಹೇಳಿ, ಎರಡು ವಾಕ್ಯ ಆಡಿ, ಮತ್ತೆ ‘ಅಲ್ಲೇ ಇಡಿದೆ’ ಎಂದರು. ಮತ್ತೆ ತಿದ್ದಿದೆ. ಮೂರನೆಯ ಸಲ ಅವರು ಮಾತು ನಿಲ್ಲಿಸಿ ಕುಳಿತುಬಿಟ್ಟರು. ಅವರಿಗೆ ಗಮನವಿಲ್ಲವೆಂದು ಅಂದು ನಾನು ಭಾವಿಸಿದೆ. ಅವರ ತಪ್ಪನ್ನು ಕೇಳುವ ಕಿವಿಯೇ ನನಗಿರಲಿಲ್ಲವೆಂದು ಬಹಳ ತಡವಾಗಿ ತಿಳಿಯಿತು.

‘ಕೊಡಿದೆ’ ಎಂಬ ರೂಪವನ್ನು ಅವರು ಯಾವ ಕನ್ನಡಿಗರ ಬಾಯಿಂದಲೂ ಕೇಳಿರಲು ಸಾಧ್ಯವಿರಲಿಲ್ಲ. ಹಿಂದಿಯಿಂದಲೂ ಅದು ಬಂದಿಲ್ಲ. ಅವರು ಮಾಡಿದೆ, ನೋಡಿದೆ, ಹಾಡಿದೆ, ಓಡಿದೆ ಎಂಬುವನ್ನು ಕೇಳಿ, ತಾವೇ ಒಂದು ನಿಯಮವನ್ನು ಕಟ್ಟಿಕೊಂಡು, ಅದನ್ನು ಹೊಸ ಪದಕ್ಕೆ ಹಚ್ಚಿದ್ದರು. ಕನ್ನಡದ ಮನೆಯಲ್ಲಿ ಹುಟ್ಟಿದ ಮಗುವೂ ಇದೇ ಬಗೆಯ ರೂಪಗಳನ್ನು ಕಟ್ಟುತ್ತದೆ. ಅಂದರೆ ಅವರ ತಪ್ಪು ಕನ್ನಡದ ಒಳಗಿನಿಂದಲೇ ಹುಟ್ಟಿತ್ತು, ಕಲಿಕೆ ಸರಿದಾರಿಯಲ್ಲಿ ನಡೆದಿದೆ ಎಂಬುದಕ್ಕೆ ಅದೇ ಗುರುತಾಗಿತ್ತು. ನಾನು ‘ಕೊಟ್ಟೆ, ಇಟ್ಟೆ’ ಎಂದು ಒಂದೊಂದನ್ನೇ ಕೂಗುವ ಬದಲು ಅವರು ಕಟ್ಟಿದ ನಿಯಮದ ಪಕ್ಕಕ್ಕೆ ಇನ್ನೊಂದು ನಿಯಮವನ್ನು ಇಡಬಹುದಾಗಿತ್ತು: ‘ಡು’ ಎಂದು ಮುಗಿಯುವ ಎರಡಕ್ಷರದ ಧಾತುವಿನ ಮೊದಲ ಸ್ವರ ದೀರ್ಘವಾಗಿದ್ದರೆ ಮಾಡಿದೆ, ನೋಡಿದೆ, ಬೇಡಿದೆ, ನೀಡಿದೆ. ಹ್ರಸ್ವವಾಗಿದ್ದರೆ ಕೊಟ್ಟೆ, ಇಟ್ಟೆ, ಬಿಟ್ಟೆ, ನೆಟ್ಟೆ, ಸುಟ್ಟೆ. ಇದನ್ನು ಹಲಗೆಯ ಮೇಲೆ ಎರಡು ಸಾಲಾಗಿ ಬರೆದು, ನಿಯಮವನ್ನು ನಾನು ಹೇಳದೆ ವಿದ್ಯಾರ್ಥಿಗಳೇ ಕಂಡುಕೊಳ್ಳುವಂತೆ ಮಾಡಲು ಐದು ನಿಮಿಷ ಸಾಕು. ಆಮೇಲಿನ ತಂಡಗಳೊಂದಿಗೆ ಹಾಗೆಯೇ ಮಾಡಿದ್ದೇನೆ. ‘ಸ್ವರ ಗಿಡ್ಡವಾದರೆ ಟ್ಟ’ ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ, ಆ ಹೊತ್ತಿನ ಅವರ ಮುಖ ನೋಡುವುದೇ ಒಂದು ಸಂತೋಷ.

ಕಲಿಯುವವರ ತಪ್ಪುಗಳನ್ನು ಕಳೆಯಂತೆ ಕೀಳಬಾರದು, ಅವರು ಎಲ್ಲಿಯವರೆಗೆ ಬಂದಿದ್ದಾರೆ ಎಂಬುದನ್ನು ತೋರಿಸುವ ಪುರಾವೆಯಾಗಿ ಓದಬೇಕು ಎಂಬ ವಿಚಾರಕ್ಕೆ 1967ರಲ್ಲಿ ಪಿಟ್ ಕಾರ್ಡರ್ ಬರೆದ ಲೇಖನದಿಂದ ಬಲ ಬಂತು. 1972ರಲ್ಲಿ ಲ್ಯಾರಿ ಸೆಲಿಂಕರ್ ಒಂದು ಹೆಜ್ಜೆ ಮುಂದೆ ಹೋಗಿ, ಮೊದಲ ಭಾಷೆಗೂ ಕಲಿಯುವ ಭಾಷೆಗೂ ನಡುವೆ ಪ್ರತಿಯೊಬ್ಬ ಕಲಿಕಾರ್ಥಿಯೂ ತನ್ನದೇ ನಿಯಮಗಳುಳ್ಳ ಒಂದು ಅಂತರಭಾಷೆಯನ್ನು ಕಟ್ಟಿಕೊಳ್ಳುತ್ತಾನೆ ಎಂದರು. ನಿಮ್ಮ ಭಯಕ್ಕೂ ಅವರ ಲೇಖನದಲ್ಲಿ ಹೆಸರಿದೆ. ಕೆಲವು ತಪ್ಪುಗಳು ಎಷ್ಟು ವರ್ಷವಾದರೂ ಕರಗದೆ ಕಲ್ಲಾಗಿ ಉಳಿಯುತ್ತವೆ ಎಂದು ಅವರೇ ಗುರುತಿಸಿದ್ದರು. ಆದ್ದರಿಂದ ತಿದ್ದಲೇಬಾರದು ಎನ್ನುವವರ ಪಕ್ಷ ನನ್ನದಲ್ಲ.

ಎಲ್ಲ ತಪ್ಪುಗಳ ಮೂಲವೂ ಒಂದೇ ಅಲ್ಲ ಎಂಬುದನ್ನೂ ನೋಡಬೇಕು. ‘ಇದು ನನ್ನ ಪುಸ್ತಕ ಇಲ್ಲ’ ಎಂದು ಹಿಂದಿಯವರೂ ಇಂಗ್ಲಿಷಿನವರೂ ಹೇಳುವುದು ಸಾಮಾನ್ಯ, ಏಕೆಂದರೆ ನಾವು ‘ಇಲ್ಲ’ ಮತ್ತು ‘ಅಲ್ಲ’ ಎಂದು ಬಿಡಿಸುವುದನ್ನು ಅವರ ಭಾಷೆ ಒಂದೇ ನಿಷೇಧದಿಂದ ಮುಗಿಸುತ್ತದೆ. ‘ಅಲ್ಲ’, ‘ಇಲ್ಲ’ ಎರಡೂ ಇರುವ ಮಲಯಾಳದವರಿಗೆ, ‘ಕಾದು’, ‘ಲೇದು’ ಎಂದು ಭೇದ ಮಾಡುವ ತೆಲುಗಿನವರಿಗೆ ಇಲ್ಲಿ ಕಲಿಸಬೇಕಾದದ್ದು ಬಹಳವಿಲ್ಲ. ಅವರ ಮೊದಲ ಭಾಷೆಯೇ ಅರ್ಧ ಪಾಠವನ್ನು ಮಾಡಿ ಕಳುಹಿಸಿರುತ್ತದೆ. ಮನೆಮಾತನ್ನು ತರಗತಿಯ ಬಾಗಿಲ ಹೊರಗೆ ಬಿಟ್ಟು ಬನ್ನಿ ಎಂದು ವಿದ್ಯಾರ್ಥಿಗಳಿಗೆ ಹೇಳುವ ಪದ್ಧತಿಯನ್ನು ನಾನು ಒಪ್ಪದಿರುವುದು ಈ ಕಾರಣಕ್ಕೇ. ‘ನಿಮ್ಮ ಭಾಷೆಯಲ್ಲಿ ಇದನ್ನು ಹೇಗೆ ಹೇಳುತ್ತೀರಿ?’ ಎಂದು ಕೇಳಿದರೆ ಎಡವುವ ಜಾಗ ಎಲ್ಲಿದೆ ಎಂಬುದು ನಿಮಗೂ ಅವರಿಗೂ ಒಟ್ಟಿಗೆ ಕಾಣುತ್ತದೆ.

ಇನ್ನು ತಿದ್ದುವ ಬಗೆ. ವಿದ್ಯಾರ್ಥಿ ತಪ್ಪಾಗಿ ಹೇಳಿದ್ದನ್ನು ಸರಿಯಾಗಿ ಹೇಳಿ ಮುಂದೆ ಹೋಗುವುದು ಶಿಕ್ಷಕರಿಗೆ ತೀರಾ ಸಹಜ. ‘ಓ, ಪುಸ್ತಕ ಕೊಟ್ಟಿರಾ? ಆಮೇಲೆ?’ ಎಂಬಂತೆ. ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ 1997ರಲ್ಲಿ ಕೆನಡಾದ ನಾಲ್ಕು ಫ್ರೆಂಚ್ ತರಗತಿಗಳ ಅಧ್ಯಯನವನ್ನು ಪ್ರಕಟಿಸಿದರು. ಶಿಕ್ಷಕರ ತಿದ್ದುಪಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಬಗೆಯವೇ ಆಗಿದ್ದವು, ಆದರೆ ವಿದ್ಯಾರ್ಥಿಗಳು ಅವುಗಳಿಗೆ ಯಾವುದಾದರೂ ರೀತಿಯಲ್ಲಿ ಸ್ಪಂದಿಸಿದ್ದು ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ ಸಲ. ಶಿಕ್ಷಕರು ತಮ್ಮ ಮಾತಿಗೆ ತಲೆದೂಗುತ್ತಿದ್ದಾರೆ ಎಂದೇ ಅವರು ತಿಳಿದಿರಬೇಕು. ಅದೇ ಶಿಕ್ಷಕರು ‘ನಿನ್ನೆ ಪುಸ್ತಕವನ್ನು…’ ಎಂದು ಅರ್ಧಕ್ಕೆ ನಿಲ್ಲಿಸಿ ಕಾದಾಗ, ವಿದ್ಯಾರ್ಥಿಗಳು ತಾವೇ ರೂಪವನ್ನು ಹುಡುಕಲು ಹೊರಟರು.

ನಾನು ಈಗ ಪಾಲಿಸುವ ಕ್ರಮವನ್ನು ಹೇಳುತ್ತೇನೆ. ವಿದ್ಯಾರ್ಥಿ ತನಗೆ ಮುಖ್ಯವಾದದ್ದನ್ನು ಹೇಳುತ್ತಿರುವಾಗ, ಅರ್ಥ ಕೆಡದಿದ್ದರೆ, ಮಧ್ಯೆ ಬಾಯಿ ಹಾಕುವುದಿಲ್ಲ. ಕಿವಿಗೆ ಬಿದ್ದದ್ದನ್ನು ಗುರುತು ಹಾಕಿಕೊಂಡು, ಪದೇ ಪದೇ ಬಂದ ಒಂದೇ ಒಂದು ತಪ್ಪನ್ನು ಆರಿಸಿ, ತರಗತಿಯ ಕೊನೆಯಲ್ಲಿ ಯಾರ ಹೆಸರನ್ನೂ ಹೇಳದೆ ಎಲ್ಲರ ಮುಂದಿಡುತ್ತೇನೆ. ಅಭ್ಯಾಸದ ಹೊತ್ತಿನಲ್ಲಿ, ಅಂದರೆ ಒಂದು ರೂಪವನ್ನು ಪಳಗಿಸುವುದೇ ಉದ್ದೇಶವಾಗಿರುವಾಗ, ಅಲ್ಲಲ್ಲೇ ನಿಲ್ಲಿಸುತ್ತೇನೆ, ಉತ್ತರವನ್ನು ಮಾತ್ರ ನಾನಾಗಿ ಕೊಡುವುದಿಲ್ಲ. ಹತ್ತು ತಪ್ಪು ತಿದ್ದಿದ ದಿನಕ್ಕಿಂತ ಒಂದನ್ನು ಬೇರಿನವರೆಗೆ ನೋಡಿದ ದಿನ ಹೆಚ್ಚು ಕಲಿಸಿದ್ದೇನೆ.

ಪ್ರಶ್ನೆ: ನನಗೆ 56 ವರ್ಷ. ಮೊಮ್ಮಗಳು ಜರ್ಮನ್ ಮಾತನಾಡುತ್ತಾ ಬೆಳೆಯುತ್ತಿದ್ದಾಳೆ, ಅವಳಿಗಾಗಿ ನಾನೂ ಕಲಿಯಲು ಶುರುಮಾಡಿದ್ದೇನೆ. ಪದಗಳು ನೆನಪಿನಲ್ಲಿ ನಿಲ್ಲುವುದಿಲ್ಲ. ಈ ವಯಸ್ಸಿನಲ್ಲಿ ಇದು ಆಗುವ ಕೆಲಸವೇ?

ಉತ್ತರ: ಆಗುವ ಕೆಲಸವೇ. ವಯಸ್ಸಿನ ಬಗ್ಗೆ ಹೇಳುವ ಮಾತುಗಳಲ್ಲಿ ಅರ್ಧ ನಿಜ, ಅರ್ಧ ಉತ್ಪ್ರೇಕ್ಷೆ. ಭಾಷೆ ಸಹಜವಾಗಿ ಕೈಗೂಡುವ ಕಾಲ ಹರೆಯದ ಹೊತ್ತಿಗೆ ಮುಗಿಯುತ್ತದೆ ಎಂದು ಎರಿಕ್ ಲೆನೆಬರ್ಗ್ 1967ರಲ್ಲಿ ಪ್ರತಿಪಾದಿಸಿದ್ದು ಬಹಳ ಪ್ರಚಾರ ಪಡೆಯಿತು. ಆದರೆ 1978ರಲ್ಲಿ ಕ್ಯಾಥರೀನ್ ಸ್ನೋ ಮತ್ತು ಮರಿಯಾನ್ ಹೂಫ್‌ನಾಗೆಲ್-ಹೋಲೆ ನೆದರ್ಲೆಂಡ್ಸ್‌ನಲ್ಲಿ ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಭಾಷಿಕರನ್ನು ಗಮನಿಸಿದಾಗ, ಮೊದಲ ತಿಂಗಳುಗಳಲ್ಲಿ ಎಲ್ಲರಿಗಿಂತ ವೇಗವಾಗಿ ಕಲಿತವರು 12ರಿಂದ 15 ವರ್ಷದವರೂ ವಯಸ್ಕರೂ ಆಗಿದ್ದರು, ಮೂರರಿಂದ ಐದು ವರ್ಷದ ಮಕ್ಕಳು ಎಲ್ಲರಿಗಿಂತ ಹಿಂದಿದ್ದರು. 2018ರಲ್ಲಿ ಸುಮಾರು 6,70,000 ಜನರ ಇಂಗ್ಲಿಷ್ ವ್ಯಾಕರಣದ ಪರೀಕ್ಷೆಯನ್ನು ಆಧರಿಸಿದ ಅಧ್ಯಯನವೊಂದು, ವ್ಯಾಕರಣವನ್ನು ಹೀರಿಕೊಳ್ಳುವ ಶಕ್ತಿ ಹದಿನೇಳರ ಆಸುಪಾಸಿನವರೆಗೆ ಕುಗ್ಗುವುದಿಲ್ಲವೆಂದೂ, ಆ ಭಾಷೆಯಲ್ಲೇ ಹುಟ್ಟಿದವರಂತೆ ಆಗಬೇಕಾದರೆ ಹತ್ತರೊಳಗೆ ಶುರುಮಾಡುವುದು ಒಳಿತೆಂದೂ ಹೇಳಿತು. ನಿಮ್ಮ ಗುರಿ ಹುಟ್ಟು ಜರ್ಮನ್ನರಾಗುವುದಲ್ಲ, ಮೊಮ್ಮಗಳೊಂದಿಗೆ ಮಾತನಾಡುವುದು. ಅದಕ್ಕೆ ಯಾವ ವಯಸ್ಸೂ ಬಾಗಿಲು ಹಾಕಿಲ್ಲ.

ಕಿವಿಯ ವಿಷಯದಲ್ಲಿ ಮಾತ್ರ ವಯಸ್ಸು ನಿಜವಾಗಿ ಬೆಲೆ ಕೇಳುತ್ತದೆ. ‘ಕತ್ತು’ ಮತ್ತು ‘ಕಟ್ಟು’ ಬೇರೆ ಎಂಬುದು ನಮಗೆ ಹಗಲಿನಷ್ಟು ಸ್ಪಷ್ಟ. ಹಿಂದಿಯ ಇಂತಹದೇ ದಂತ್ಯ, ಮೂರ್ಧನ್ಯ ಧ್ವನಿಗಳನ್ನು ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಗುರುತಿಸುತ್ತವೆ, ಒಂದು ವರ್ಷ ತುಂಬುವಷ್ಟರಲ್ಲಿ ಹೆಚ್ಚಿನ ಕೂಸುಗಳು ಆ ಶಕ್ತಿಯನ್ನು ಕಳೆದುಕೊಂಡಿರುತ್ತವೆ ಎಂದು ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದರು. ಹಾಗೆಂದು ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಇಂಗ್ಲಿಷಿನ ‘ರ’, ‘ಲ’ ಭೇದವನ್ನು ಕೇಳಲಾರದ ಜಪಾನಿನ ವಯಸ್ಕರು, ಹಲವು ಜನರ ದನಿಯಲ್ಲಿ ಆ ಪದಗಳನ್ನು ಕೇಳಿ ಅಭ್ಯಾಸ ಮಾಡಿದಾಗ ಸುಧಾರಿಸಿದರೆಂದು 1991ರ ಅಧ್ಯಯನವೊಂದು ತಿಳಿಸುತ್ತದೆ. ಒಬ್ಬರದೇ ದನಿಗೆ ಅಂಟಿಕೊಳ್ಳದೆ ಗಂಡಸರು, ಹೆಂಗಸರು, ಮಕ್ಕಳು ಎಲ್ಲರ ಜರ್ಮನ್ನನ್ನೂ ಕೇಳಿ.

ಕನ್ನಡ ಬಲ್ಲ ನಿಮಗೆ ಜರ್ಮನ್ ಕೆಲವೆಡೆ ಇಂಗ್ಲಿಷಿನವರಿಗಿಂತ ಸುಲಭವಾಗಬೇಕು. ‘ವೈಲ್ ಇಷ್ ಮ್ಯೂಡೆ ಬಿನ್’ ಎಂಬ ಉಪವಾಕ್ಯದಲ್ಲಿ ಕ್ರಿಯಾಪದ ಕಟ್ಟಕಡೆಗೆ ಬರುತ್ತದೆ. ‘ನಾನು ದಣಿದಿರುವುದರಿಂದ’ ಎನ್ನುವ ನಮಗೆ ಅದು ವಿಚಿತ್ರವೆನಿಸುವುದಿಲ್ಲ. ನಾಲ್ಕು ವಿಭಕ್ತಿಗಳಿವೆ ಎಂದರೂ ಗಾಬರಿಯಿಲ್ಲ, ವಿಭಕ್ತಿಯೆಂಬ ಕಲ್ಪನೆ ನಮ್ಮ ಮೈಗೂಡಿದೆ. ಕಷ್ಟ ಇರುವುದು ಲಿಂಗದಲ್ಲಿ. ನಮಗೆ ಲಿಂಗ ಅರ್ಥದಿಂದ ತಿಳಿಯುತ್ತದೆ. ಅಲ್ಲಿ ಮೇಜು ಪುಲ್ಲಿಂಗ, ಹುಡುಗಿ ಎಂಬರ್ಥದ ‘ಮೇಡ್‌ಷೆನ್’ ನಪುಂಸಕ ಲಿಂಗ. ಆದ್ದರಿಂದ ಪ್ರತಿ ನಾಮಪದವನ್ನೂ ಅದರ ‘ಡೆರ್, ಡೀ, ಡಾಸ್’ ಜೊತೆಗೇ ಒಂದೇ ಪದವೆಂಬಂತೆ ಬಾಯಿಪಾಠ ಮಾಡಿಕೊಳ್ಳಿ.

ನೆನಪು ನಿಲ್ಲದಿರುವುದು ವಯಸ್ಸಿನ ದೋಷವೊಂದೇ ಅಲ್ಲ. ಹೊಸದಾಗಿ ಕಲಿತದ್ದು ಮೊದಲ ಗಂಟೆಗಳಲ್ಲೇ ವೇಗವಾಗಿ ಅಳಿಸಿಹೋಗುತ್ತದೆ ಎಂಬುದನ್ನು ಹರ್ಮನ್ ಎಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದರು, ಆಗ ಅವರಿನ್ನೂ ಮೂವತ್ತೈದು ವರ್ಷದವರು. ಇಂದು ಕಲಿತ ಹತ್ತು ಪದಗಳನ್ನು ನಾಳೆ, ನಾಲ್ಕು ದಿನ ಬಿಟ್ಟು, ಎರಡು ವಾರ ಬಿಟ್ಟು ಮತ್ತೆ ನೋಡಿ. ನೋಡುವಾಗ ಅರ್ಥವನ್ನು ಮುಚ್ಚಿಟ್ಟು ನೆನಪಿನಿಂದ ಹೇಳಲು ಯತ್ನಿಸಿ. ಕಾಲದ ವಿಷಯದಲ್ಲಿ ನಿಮ್ಮೊಂದಿಗೆ ನೀವೇ ದಯೆಯಿಂದಿರಿ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆ, ಇಂಗ್ಲಿಷಿಗೆ ಹತ್ತಿರದ ಸ್ಪ್ಯಾನಿಷ್‌ನಂತಹ ಭಾಷೆಗೇ 600ರಿಂದ 750 ತರಗತಿ ಗಂಟೆಗಳನ್ನೂ, ಚೀನಿ, ಜಪಾನಿ, ಅರಬ್ಬಿಯಂತಹವಕ್ಕೆ ಸುಮಾರು 2,200 ಗಂಟೆಗಳನ್ನೂ ಬಹಳ ಕಾಲ ಲೆಕ್ಕ ಹಾಕುತ್ತಾ ಬಂದಿದೆ. ಅವರು ಅದನ್ನೇ ಉದ್ಯೋಗವಾಗಿ ಮಾಡಿಕೊಂಡು ಕಲಿಯುವವರು. ಮೂರು ತಿಂಗಳಲ್ಲಿ ನಿರರ್ಗಳವಾಗಿಸುತ್ತೇವೆ ಎನ್ನುವ ಜಾಹೀರಾತುಗಳನ್ನು ನಂಬಿ, ಆಗದಿದ್ದಾಗ ತನ್ನಲ್ಲೇ ಕೊರತೆಯಿದೆಯೆಂದು ಕೈಬಿಟ್ಟವರನ್ನು ಕಂಡು ನನಗೆ ನೋವಾಗಿದೆ.

ಪ್ರಶ್ನೆ: ಕೆಲಸದ ಕಾರಣ ಬೇರೆ ಭಾಷೆಯ ಪ್ರದೇಶಕ್ಕೆ ಬಂದೆವು. ಏಳು ವರ್ಷದ ಮಗಳು ಒಂದೂವರೆ ವರ್ಷದಲ್ಲಿ ಗೆಳತಿಯರೊಂದಿಗೆ ಆ ಭಾಷೆಯಲ್ಲಿ ಸರಾಗವಾಗಿ ಮಾತನಾಡಲು ಕಲಿತಳು. ಆದರೆ ಪಾಠದಲ್ಲಿ ಹಿಂದಿದ್ದಾಳೆ. ಭಾಷೆ ಬರುತ್ತದೆ, ಗಮನ ಕೊಡುವುದಿಲ್ಲ, ಮನೆಯಲ್ಲಿಯೂ ಕನ್ನಡ ಬಿಡಿ ಎಂದು ಶಾಲೆಯಲ್ಲಿ ಹೇಳುತ್ತಾರೆ.

ಉತ್ತರ: ನಿಮ್ಮ ಮಗಳ ಪರವಾಗಿ ನಾನು ಗಟ್ಟಿಯಾಗಿ ಮಾತನಾಡಬೇಕಾಗಿದೆ. ಆಟದ ಮಾತು ಬೇರೆ, ಪಾಠದ ಮಾತು ಬೇರೆ. ಆಟದಲ್ಲಿ ಕೈಸನ್ನೆ, ಮುಖಭಾವ, ಕಣ್ಣೆದುರಿನ ವಸ್ತು ಎಲ್ಲವೂ ಅರ್ಥಕ್ಕೆ ಹೆಗಲು ಕೊಡುತ್ತವೆ. ಪಾಠದಲ್ಲಿ ಅರ್ಥವೆಲ್ಲ ಪದಗಳ ಮೇಲೆಯೇ ನಿಂತಿರುತ್ತದೆ. ‘ಸಾಲಿಗೆ 6 ಗಿಡಗಳಂತೆ 4 ಸಾಲು ನೆಟ್ಟರು, ಅವುಗಳಲ್ಲಿ 5 ಒಣಗಿದರೆ ಉಳಿದವು ಎಷ್ಟು?’ ಎಂಬ ಲೆಕ್ಕವನ್ನು ನೋಡಿ. ಗಿಡ, ಸಾಲು ಗೊತ್ತಿದ್ದರೆ ಸಾಲದು. ಗುಣಿಸಬೇಕೆಂದು ಹೇಳುವುದು ‘ಅಂತೆ’, ಕಳೆಯಬೇಕೆಂದು ಹೇಳುವುದು ‘ಉಳಿದವು’. ಇಂತಹ ಪದಗಳು ಆಟದ ಬಯಲಿನಲ್ಲಿ ಸಿಗುವುದು ಅಪರೂಪ. ಈ ಎರಡು ಬಗೆಯ ಭಾಷಾ ಸಾಮರ್ಥ್ಯವನ್ನು ಬೇರ್ಪಡಿಸಿ ತೋರಿಸಿದವರು ಜಿಮ್ ಕಮಿನ್ಸ್, 1979ರಲ್ಲಿ. ಕೆನಡಾಕ್ಕೆ ವಲಸೆ ಬಂದ ಮಕ್ಕಳ ಮಾಹಿತಿಯನ್ನು ಪರಿಶೀಲಿಸಿ, ಮಾತು ಸುಮಾರು ಎರಡು ವರ್ಷದಲ್ಲಿ ಹಿಡಿತಕ್ಕೆ ಬಂದರೂ ಪಾಠದ ಭಾಷೆಯಲ್ಲಿ ಓರಗೆಯವರನ್ನು ಸರಿಗಟ್ಟಲು ಐದರಿಂದ ಏಳು ವರ್ಷ ಬೇಕಾಗುತ್ತದೆಂದು ಅವರು ಆಮೇಲೆ ತೋರಿಸಿದರು. ನಿಮ್ಮ ಮಗಳಿಗೆ ಆಗಿರುವುದು ಒಂದೂವರೆ ವರ್ಷ.

ಅದೇ ಲೆಕ್ಕವನ್ನು ಮನೆಯಲ್ಲಿ ಕನ್ನಡದಲ್ಲಿ ಕೇಳಿ ನೋಡಿ. ಅವಳು ಕೂಡಲೇ ಬಿಡಿಸಿದರೆ ಲೆಕ್ಕ ಅವಳಿಗೆ ಬರುತ್ತದೆ, ತೊಡಕಿರುವುದು ಹೊಸ ಭಾಷೆಯ ಆ ನಾಲ್ಕೈದು ಪದಗಳಲ್ಲಿ. ಅವುಗಳನ್ನು ಪಟ್ಟಿ ಮಾಡಿಕೊಂಡು ಶಿಕ್ಷಕರ ಮುಂದೆ ಗೌರವದಿಂದ ಇಡಿ, ಹೆಚ್ಚಿನವರು ಅರ್ಥಮಾಡಿಕೊಳ್ಳುತ್ತಾರೆ. ಮನೆಯಲ್ಲಿ ಕನ್ನಡವನ್ನು ಬಿಡಬೇಡಿ. ಭಾಗಾಕಾರ ಎಂದರೇನು, ಮಳೆ ಹೇಗೆ ಬರುತ್ತದೆ ಎಂಬುದನ್ನು ಕನ್ನಡದಲ್ಲಿ ಒಮ್ಮೆ ಅರಿತ ಮಗು ಅದನ್ನು ಇನ್ನೊಂದು ಭಾಷೆಯಲ್ಲಿ ಮತ್ತೆ ಮೊದಲಿನಿಂದ ಅರಿಯಬೇಕಾಗಿಲ್ಲ, ಹೆಸರುಗಳನ್ನಷ್ಟೇ ಕಲಿಯಬೇಕು. ಸಾಧ್ಯವಿದ್ದಷ್ಟು ಕಾಲ ತಾಯ್ನುಡಿಯಲ್ಲೇ ಕಲಿಸಬೇಕೆಂದು ಯುನೆಸ್ಕೊ 1953ರಲ್ಲಿಯೇ ಶಿಫಾರಸು ಮಾಡಿದ್ದರ ಹಿಂದೆ ಇರುವುದೂ ಇದೇ ತಿಳಿವಳಿಕೆ.

ಇದಕ್ಕೆ ಎದುರಾಗಿ ಕೆನಡಾದ ಸೇಂಟ್ ಲ್ಯಾಂಬರ್ಟ್‌ನ ಉದಾಹರಣೆಯನ್ನು ಕೆಲವರು ಕೊಡುತ್ತಾರೆ. 1965ರಲ್ಲಿ ಅಲ್ಲಿನ ಇಂಗ್ಲಿಷ್ ಮಕ್ಕಳನ್ನು ಪೂರ್ತಿ ಫ್ರೆಂಚ್‌ನಲ್ಲೇ ಕಲಿಸುವ ತರಗತಿಗೆ ಸೇರಿಸಲಾಯಿತು, ಅವರ ಇಂಗ್ಲಿಷಿಗೆ ಕುಂದಾಗಲಿಲ್ಲ. ಆದರೆ ಆ ತರಗತಿಯಲ್ಲಿ ಎಲ್ಲ ಮಕ್ಕಳೂ ಒಂದೇ ಮಟ್ಟದಿಂದ ಶುರುಮಾಡಿದ್ದರು, ಶಿಕ್ಷಕರಿಗೆ ಮಕ್ಕಳ ಭಾಷೆ ತಿಳಿಯುತ್ತಿತ್ತು, ಮನೆಯಲ್ಲೂ ಹೊರಗೂ ಇಂಗ್ಲಿಷಿಗೆ ಮಾನ್ಯತೆ ಇತ್ತು. ಸುತ್ತಲೂ ಹುಟ್ಟು ಭಾಷಿಕರಿರುವ ತರಗತಿಯಲ್ಲಿ ಒಬ್ಬಳೇ ಹೊಸಬಳಾಗಿ ಕುಳಿತ ಮಗುವಿಗೆ ಈ ಮೂರರಲ್ಲಿ ಒಂದೂ ಇಲ್ಲ. ಅಷ್ಟು ಅನುಕೂಲವಿದ್ದ ಕೆನಡಾದ ಮಕ್ಕಳೂ, ವರ್ಷಗಟ್ಟಲೆ ಫ್ರೆಂಚ್ ಕೇಳಿ ಚೆನ್ನಾಗಿ ಅರ್ಥಮಾಡಿಕೊಂಡರೂ ಮಾತಿನಲ್ಲಿ, ಬರಹದಲ್ಲಿ ತಪ್ಪುತ್ತಿದ್ದುದನ್ನು ಮೆರಿಲ್ ಸ್ವೇನ್ 1985ರಲ್ಲಿ ಎತ್ತಿ ತೋರಿಸಿ, ಕೇಳಿಸಿಕೊಂಡರಷ್ಟೇ ಸಾಲದು, ಪೂರ್ತಿ ವಾಕ್ಯಗಳಲ್ಲಿ ಹೇಳಬೇಕಾದ ಸಂದರ್ಭಗಳೂ ಬೇಕು ಎಂದರು. ಮಗಳಿಗೆ ಶಾಲೆಯ ಭಾಷೆಯಲ್ಲಿ ಪ್ರತಿದಿನ ಒಂದು ಪುಟ ಓದಿ, ಅದನ್ನು ತನ್ನ ಮಾತಿನಲ್ಲಿ ನಿಮಗೆ ಹೇಳುವ ಅಭ್ಯಾಸ ಮಾಡಿಸಿ. ಅವಳು ಹೇಳುವುದು ನಿಮಗೆ ಪೂರ್ತಿ ತಿಳಿಯದಿದ್ದರೆ ಇನ್ನೂ ಒಳ್ಳೆಯದು, ಬಿಡಿಸಿ ಹೇಳಲೇಬೇಕಾಗುತ್ತದೆ.

ಪ್ರಶ್ನೆ: ಹಲವು ಭಾಷೆ ಬಲ್ಲವರಿಗೆ ಮರೆವಿನ ಕಾಯಿಲೆ ಬರುವುದಿಲ್ಲ ಎಂಬುದು ನಿಜವೇ?

ಉತ್ತರ: ಬರುವುದಿಲ್ಲ ಎಂದು ಯಾವ ಅಧ್ಯಯನವೂ ಹೇಳಿಲ್ಲ. 2007ರಲ್ಲಿ ಎಲೆನ್ ಬಿಯಾಲಿಸ್ಟಾಕ್ ಮತ್ತು ಸಂಗಡಿಗರು, ಎರಡು ಭಾಷೆಗಳನ್ನು ಬಳಸುತ್ತಾ ಬಾಳಿದ ರೋಗಿಗಳಲ್ಲಿ ರೋಗದ ಲಕ್ಷಣಗಳು ಸುಮಾರು ನಾಲ್ಕು ವರ್ಷ ತಡವಾಗಿ ಕಾಣಿಸಿಕೊಂಡವೆಂದು ವರದಿ ಮಾಡಿದರು. ನಂತರದ ಅಧ್ಯಯನಗಳಲ್ಲಿ ಕೆಲವು ಇದನ್ನು ಒಪ್ಪಿವೆ, ಕೆಲವು ಒಪ್ಪಿಲ್ಲ. ಆ ಆಸೆಯೊಂದಕ್ಕಾಗಿಯೇ ಭಾಷೆ ಕಲಿಯಲು ಕೂತವರು ಬಹಳ ದಿನ ಮುಂದುವರಿದದ್ದನ್ನು ನಾನು ಕಂಡಿಲ್ಲ. ಮಾತನಾಡಲು ಒಬ್ಬ ಮನುಷ್ಯ, ಓದಲು ಒಂದು ಪುಸ್ತಕ ಇದ್ದವರು ಮುಂದುವರಿದಿದ್ದಾರೆ.

ಪ್ರಶ್ನೆ: ಕಲಿಯುತ್ತಿರುವ ಭಾಷೆಯಲ್ಲಿ ನಾನು ಮಾತು ಶುರುಮಾಡಿದರೆ ಎದುರಿನವರು ನನ್ನ ತಡವರಿಕೆ ಕೇಳಿ ನನಗೆ ಬರುವ ಭಾಷೆಗೆ ತಿರುಗಿಬಿಡುತ್ತಾರೆ. ಹೀಗಾದರೆ ನಾನು ಕಲಿಯುವುದು ಯಾವಾಗ?

ಉತ್ತರ: ಅವರು ನಿಮಗೆ ಉಪಕಾರ ಮಾಡುತ್ತಿದ್ದೇವೆ ಎಂದೇ ತಿಳಿದಿದ್ದಾರೆ, ಬೇಸರಿಸಿಕೊಳ್ಳಬೇಡಿ. ‘ನಾನು ಕಲಿಯುತ್ತಿದ್ದೇನೆ, ದಯವಿಟ್ಟು ನಿಧಾನವಾಗಿ ಇದೇ ಭಾಷೆಯಲ್ಲಿ ಹೇಳಿ’ ಎಂಬ ವಾಕ್ಯವನ್ನು ಆ ಭಾಷೆಯಲ್ಲಿ ಎಲ್ಲಕ್ಕಿಂತ ಮೊದಲು, ಒಂದು ಎಡವೂ ಇಲ್ಲದಂತೆ ಪಳಗಿಸಿಕೊಳ್ಳಿ. ಪದ ಸಿಗದೆ ನಿಂತಾಗ ಮೌನವಾಗಿ ಹುಡುಕಬೇಡಿ, ಏಕೆಂದರೆ ಎದುರಿನವರು ಭಾಷೆ ಬದಲಿಸುವುದು ಆ ಮೌನದಲ್ಲೇ. ನಾವು ‘ಅದೇ… ಏನಂದರೆ…’ ಎಂದು ಎಳೆಯುವಂತೆ ಆ ಭಾಷೆಯವರು ಯೋಚಿಸುವಾಗ ಎಳೆಯುವ ಮಾತುಗಳು ಯಾವುವೆಂದು ಕಿವಿಗೊಟ್ಟು ಕೇಳಿ ಕಲಿತುಕೊಳ್ಳಿ. ಪದ ಗೊತ್ತಿಲ್ಲದಿದ್ದರೆ ಬಳಸಿ ಹೇಳಿ. ಬೀಗದ ಕೈಗೆ ಪದ ತಿಳಿಯದಿದ್ದರೆ ‘ಬಾಗಿಲು ತೆಗೆಯುವ ವಸ್ತು’ ಎಂದರೆ ಅವರೇ ಪದವನ್ನು ಕೊಡುತ್ತಾರೆ. ಹಾಗೆ ಬೇಡಿ ಪಡೆದ ಪದ ಪುಸ್ತಕದಲ್ಲಿ ಓದಿದ ಪದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಅವಸರದಲ್ಲಿರುವವರನ್ನು ಬಿಟ್ಟುಬಿಡಿ. ವಯಸ್ಸಾದವರೂ ಚಿಕ್ಕ ಮಕ್ಕಳೂ ಭಾಷೆ ಬದಲಿಸುವುದು ಕಡಿಮೆ, ಅವರ ಬಳಿ ಕುಳಿತು ಶುರುಮಾಡಿ.